ಭಾವನ ಬಾಯಲ್ಲಿ ಸರೋಜ

ಈಜು ಕಲಿಸುವವರಿದ್ದಾರೆ, ಕಾರು ಓಡಿಸಲು ಕಲಿಸುವವರಿದ್ದಾರೆ. ಆದರೆ ಮನೆಯವರ ಜೊತೆ ಮಾತಾಡುವುದನ್ನೂ ಕಲಿಸುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ಸ್ವಲ್ಪ ಅವಮಾನವೇ ಆಯಿತು. ನಾನು ದೊಡ್ಡಬಳ್ಳಾಪುರದ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಮಾತೇ ನನ್ನ ಅನ್ನ. ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲಿ ಯಾವ ಬಣ್ಣ ಬೇಕು, ಯಾರ ಮದುವೆಗೆ ಬೇಕು ಎಂದು ನಾನೇ ಹೇಳಿಬಿಡುತ್ತೇನೆ. ಒಮ್ಮೆ ಒಬ್ಬರು ಬಾಯಿ ತೆರೆಯುವ ಮೊದಲೇ ಅರ್ಧ ಅಂಗಡಿಯನ್ನು ಅವರ ಮುಂದೆ ಹರಡಿದೆ. ಪಾಪ, ಅವರು ಕೇಳಲು ಬಂದದ್ದು ಪಕ್ಕದ ಮೆಡಿಕಲ್ ಶಾಪು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು. ಆದರೂ ಒಂದು ಸೀರೆ ಕೊಂಡು ಹೋದದ್ದರಿಂದ ನನ್ನ ಆತ್ಮವಿಶ್ವಾಸಕ್ಕೆ ಧಕ್ಕೆಯಾಗಲಿಲ್ಲ.

ನನ್ನ ಭಾವ ಹನುಮಂತರಾಯಪ್ಪನವರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು. ಕಾಲು ಮೆಲ್ಲಗೆ ಸುಧಾರಿಸಿತು. ಮಾತು ಮಾತ್ರ ಹೋಗಿಯೇ ಬಿಟ್ಟಿತು. ನಾವು ಹೇಳಿದ್ದು ಬಹುಮಟ್ಟಿಗೆ ಅವರಿಗೆ ಅರ್ಥವಾಗುತ್ತದೆ, ಅವರು ಹೇಳಬೇಕೆಂದಿದ್ದು ಬಾಯಿಗೆ ಬರುವುದಿಲ್ಲ, ಇದಕ್ಕೆ ಅಫೇಸಿಯಾ ಎನ್ನುತ್ತಾರೆ ಎಂದರು ಡಾಕ್ಟರು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಒಂದೇ ಒಂದು ಪದ ಸ್ಪಷ್ಟವಾಗಿ ಹೊರಬಂತು. ‘ಸರೋಜ.’

ನನ್ನ ಅಕ್ಕನ ಹೆಸರು ಗಿರಿಜ.

ಅಂದಿನಿಂದ ದಿನಾ ಅದೇ. ಅಕ್ಕ ಗಂಜಿ ತಂದರೆ ‘ಸರೋಜ’, ಮಾತ್ರೆ ಕೊಟ್ಟರೆ ‘ಸರೋಜ’. ಹಾಗೆನ್ನುತ್ತ ಎಡಗೈಯನ್ನು ಗೇಟಿನ ಕಡೆ ಚಾಚುವುದು. ಹೋಗಿ ಅವಳನ್ನು ಕರೆದುಕೊಂಡು ಬನ್ನಿ ಎಂದೇ ನಾವೆಲ್ಲ ಅರ್ಥ ಮಾಡಿಕೊಂಡೆವು. ನಮಗೆ ಗೊತ್ತಿರುವವರಲ್ಲಿ ಒಬ್ಬ ಸರೋಜಳೂ ಇರಲಿಲ್ಲ. ಒಂದು ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

‘ಲೇ ಗೋಪಿ, ನಿಜ ಹೇಳು. ಇವ್ರು ಮದುವೆಗೆ ಮುಂಚೆ ನೆಲಮಂಗಲದಲ್ಲಿ ಕೆಲಸಕ್ಕಿದ್ರಲ್ಲ, ಅಲ್ಲಿ ಯಾರಾದ್ರೂ ಇದ್ಲಾ?’

‘ಛೇ, ಭಾವ ಅಂಥೋರಲ್ಲ ಕಣಕ್ಕ’ ಎಂದೆ. ಎಂದ ಮೇಲೆ ನನಗೇ ಕುತೂಹಲ ಹತ್ತಿತು. ಅವರ ಹಳೆಯ ಗೆಳೆಯರೊಬ್ಬರಿಗೆ ಫೋನ್ ಮಾಡಿ ಸುತ್ತುಬಳಸಿ ವಿಚಾರಿಸಿದೆ. ಅವರು, ‘ಅವನಾ? ಹೆಣ್ಮಕ್ಕಳು ಎದುರಿಗೆ ಬಂದ್ರೆ ರಸ್ತೆ ದಾಟ್ಬಿಡ್ತಿದ್ದ ಕಣಪ್ಪಾ’ ಎಂದು ನಕ್ಕರು. ಹಾಗೆ ದಾಟಿದ ರಸ್ತೆಯ ಆ ಕಡೆ ಸರೋಜ ಇದ್ದಳೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಗುವ ವಿಷಯವಾಗಿಯೇನೂ ಉಳಿದಿರಲಿಲ್ಲ. ಅಕ್ಕ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಟೈಲರ್ ಆಗಿ ಸೇರಿ, ಸೂಪರ್‌ವೈಸರ್ ಆದವಳು. ಭಾವನನ್ನು ನೋಡಿಕೊಳ್ಳಲು ರಜೆ ಹಾಕಿದ್ದಳು. ಬರುವುದಾದರೆ ಬನ್ನಿ, ಇಲ್ಲವಾದರೆ ಈ ತಿಂಗಳಲ್ಲೇ ತಿಳಿಸಿ ಎಂದು ಫ್ಯಾಕ್ಟರಿಯವರು ಹೇಳಿದ್ದರು. ಬಿಡುವುದೆಂದು ಅಕ್ಕ ತೀರ್ಮಾನಿಸಿದ್ದಳು. ಭಾವನ ಎದುರಿಗೇ ಈ ಮಾತೆಲ್ಲ ನಡೆಯುತ್ತಿತ್ತು, ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವರು ‘ಸರೋಜ’ ಎಂದು ಕೂಗುವರು, ಅಕ್ಕ ಕಣ್ಣೊರೆಸಿಕೊಳ್ಳುವಳು, ಅವರು ಗೋಡೆಯ ಕಡೆ ತಿರುಗಿ ಮಲಗುವರು.

ಆಗಲೇ ಭಾವ ಹೋಗುತ್ತಿದ್ದ ಪುನಶ್ಚೇತನ ಕೇಂದ್ರದ ಸ್ಪೀಚ್ ಥೆರಪಿ ಮೇಡಂ, ‘ಹೊಸದಾಗಿ ಒಂದು ತರಬೇತಿ ಶುರು ಮಾಡಿದ್ದೀವಿ, ಮನೆಯವರು ಬನ್ನಿ’ ಎಂದರು. ‘ಕಾಯಿಲೆ ಭಾವಂಗೆ, ಕ್ಲಾಸು ನಮಗಾ ಮೇಡಂ?’ ಎಂದೆ. ‘ಮಾತು ಇಬ್ಬರದಲ್ವಾ ಸಾರ್? ಅವರು ಅರ್ಧ ದಾರಿ ಬರ್ತಾರೆ, ಇನ್ನರ್ಧ ನೀವು ಹೋಗ್ಬೇಕು’ ಎಂದರು.

ಮೊದಲ ಪಾಠಕ್ಕೇ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ‘ಕೊಡೆಯನ್ನು ಬಸ್ಸಲ್ಲಿ ಬಿಟ್ಟು ಬಂದೆ’ ಎನ್ನುವುದನ್ನು ತುಟಿ ಬಿಚ್ಚದೆ ಅಕ್ಕನಿಗೆ ತಿಳಿಸಬೇಕಂತೆ. ನಾನು ತಲೆಯ ಮೇಲೆ ಕೈ ಬಿಡಿಸಿ ಕೊಡೆ ಹಿಡಿದಂತೆ ಮಾಡಿದೆ. ‘ತಲೆನೋವಾ?’ ಎಂದಳು ಅಕ್ಕ. ಸ್ಟೇರಿಂಗ್ ತಿರುಗಿಸಿದೆ. ‘ತಲೆ ಸುತ್ತುತ್ತಾ? ನೀರು ಬೇಕಾ? ಬಾತ್‌ರೂಮಾ?’ ಕೂತಿದ್ದವರೆಲ್ಲ ಒಟ್ಟಿಗೆ ಬಾತ್‌ರೂಮಿನ ದಾರಿ ತೋರಿಸಿದರು. ನನಗೆ ಎಂಥ ಸಿಟ್ಟು ಬಂತೆಂದರೆ ಕೈ ಕೊಡವಿ ಗೋಡೆಯ ಕಡೆ ತಿರುಗಿ ಕೂತೆ. ಕೂತ ಮೇಲೆ ಗೊತ್ತಾಯಿತು, ಭಾವ ಮಾಡುವುದೂ ಇದನ್ನೇ.

ಆಮೇಲೆ ಮೇಡಂ ಹೇಳಿದ್ದು ಕೇಳಲು ಬಹಳ ಸುಲಭ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಮುಖ್ಯವಾದ ಪದವನ್ನು ದೊಡ್ಡದಾಗಿ ಬರೆದು ತೋರಿಸಿ. ಅರ್ಥವಾಗದಿದ್ದರೆ ಆಯಿತೆಂದು ತಲೆಯಾಡಿಸಬೇಡಿ. ‘ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು’ ಎಂದು ಅವರಿಗೆ ಹೇಳಿ. ಕೇಳಿದ ಮೇಲೆ ಕಾಯಿರಿ. ಈ ಕಾಯುವುದೊಂದು ನನ್ನಿಂದ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಅಷ್ಟು ಹೊತ್ತು ಸುಮ್ಮನಿದ್ದರೆ ಗಿರಾಕಿ ಎದುರಿನ ಅಂಗಡಿಯಲ್ಲಿರುತ್ತಾಳೆ. ‘ಮತ್ತೆ ಸರೋಜ ಯಾರು ಮೇಡಂ?’ ಎಂದು ಅಕ್ಕ ಕೇಳಿಯೇಬಿಟ್ಟಳು. ‘ಯಾರೂ ಇಲ್ಲದೇ ಇರಬಹುದಮ್ಮ. ಹೇಳ್ಬೇಕಾದ ಪದ ಬಿಟ್ಟು ಇನ್ಯಾವುದೋ ಬಂದ್ಬಿಡುತ್ತೆ. ಅವರನ್ನೇ ಕೇಳಿ ನೋಡಿ.’

ಅಂದು ಸಂಜೆ ಟಿವಿ ಆರಿಸಿ, ದಪ್ಪ ಸ್ಕೆಚ್ ಪೆನ್ನು ಹಿಡಿದು ಭಾವನ ಎದುರು ಕೂತೆ. ‘ಭಾವ, ನೀವೇನೋ ಹೇಳ್ಬೇಕು ಅಂತಿದ್ದೀರ. ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು.’ ಅವರು ನನ್ನನ್ನೇ ದಿಟ್ಟಿಸಿದರು. ‘ಮನುಷ್ಯ’, ‘ವಸ್ತು’ ಎಂದು ಬರೆದೆ. ಬೆರಳು ಮನುಷ್ಯನ ಮೇಲೆ ಬಂತು. ‘ಗಂಡಸು’, ‘ಹೆಂಗಸು’. ಬೆರಳು ಹೆಂಗಸಿನ ಮೇಲೆ. ಬಾಗಿಲ ಬಳಿ ನಿಂತಿದ್ದ ಅಕ್ಕ ಒಂದು ಹೆಜ್ಜೆ ಒಳಗೆ ಬಂದಳು. ‘ಹೊರಗೆ’, ‘ಈ ಮನೆ’ ಎಂದು ಬರೆದೆ. ಭಾವ ಹಾಳೆಯನ್ನು ಬಿಟ್ಟು ನೇರವಾಗಿ ಅಕ್ಕನ ಕಡೆಗೇ ಕೈ ತೋರಿಸಿದರು.

‘ನಾನಾ? ನಾನೇ ಸರೋಜನಾ?’ ಎಂದಳು ಅಕ್ಕ.

ಹೆಬ್ಬೆರಳು ಮೇಲಕ್ಕೆದ್ದಿತು. ಆಮೇಲೆ ಅದೇ ಕೈ ಗೇಟಿನ ಕಡೆ ಚಾಚಿತು. ನನಗೆ ನಾಲ್ಕು ಊಹೆ ಒಟ್ಟಿಗೆ ನಾಲಿಗೆ ತುದಿಗೆ ಬಂದವು, ಹಲ್ಲು ಕಚ್ಚಿ ಕಾದೆ. ಭಾವ ಎಡಗೈಯಲ್ಲಿ ಗಾಳಿಯಲ್ಲೇ ಬಟ್ಟೆ ಮುಂದಕ್ಕೆ ತಳ್ಳಿದರು, ಕಾಲಿನಿಂದ ನೆಲ ಒತ್ತಿದರು. ಹೊಲಿಗೆ ಮಷಿನ್! ‘ಕೆಲಸ’ ಎಂದು ಬರೆದೆ. ಅವರು ಹಾಳೆಯ ಮೇಲೆ ಅಂಗೈಯಿಂದ ಬಡಿದರು.

‘ಅಕ್ಕ ಕೆಲಸ ಬಿಡಬಾರದು. ಹೋಗ್ಬೇಕು. ಅದಾ ಭಾವ?’

ಅವರು ಅತ್ತರು. ಇಷ್ಟು ದಿನ ನಾವು ಗೇಟಿನಿಂದ ಒಳಗೆ ಕರೆಯಲು ನೋಡುತ್ತಿದ್ದ ಹೆಂಗಸನ್ನು ಅವರು ಹೊರಗೆ ಕಳಿಸಲು ನೋಡುತ್ತಿದ್ದರು. ‘ನಿಮ್ಮನ್ನ ನೋಡ್ಕೊಳ್ಳೋರು ಯಾರು?’ ಎಂದಳು ಅಕ್ಕ ಅಳುತ್ತಲೇ. ಭಾವ ನಿಧಾನವಾಗಿ ನನ್ನ ಕಡೆ ಬೆರಳು ಮಾಡಿದರು. ಇದಕ್ಕೆ ಮಾತ್ರ ಯಾವ ತರಬೇತಿಯೂ ಬೇಕಾಗಲಿಲ್ಲ.

ಈಗ ಅಕ್ಕ ಬೆಳಗಿನ ಶಿಫ್ಟಿಗೆ ಹೋಗುತ್ತಾಳೆ. ನಾನು ಅಂಗಡಿಯಲ್ಲಿ ಮಧ್ಯಾಹ್ನದ ಮೇಲಿನ ಕೆಲಸ ಕೇಳಿ ಪಡೆದು, ಅಲ್ಲಿಯವರೆಗೆ ಭಾವನ ಜೊತೆ ಇರುತ್ತೇನೆ. ಮೊನ್ನೆ ಪೆನ್ನು ಕೊಟ್ಟು ಕೇಳಿದೆ: ‘ಭಾವ, ನಾನು ಮಾತಾಡೋದು ಸುಧಾರಿಸಿದೆಯಾ?’ ಅವರು ಬಹಳ ಯೋಚಿಸಿ, ಎಡಗೈಯಲ್ಲಿ ಒಂದೊಂದೇ ಗೆರೆ ಎಳೆಯತೊಡಗಿದರು. ನಾನು ಕಾದೆ. ಮೆಚ್ಚುಗೆಯ ಮಾತು ಇಷ್ಟು ಕಷ್ಟಪಟ್ಟು ಬರುತ್ತಿದೆಯಲ್ಲ ಎಂದು ಹಾಳೆ ಜಾರದಂತೆ ಹಿಡಿದುಕೊಂಡೆ. ಕೊನೆಗೆ ಹಾಳೆ ನನ್ನ ಕಡೆ ತಿರುಗಿಸಿದರು. ಬರೆದಿದ್ದದ್ದು ‘ಟೀ’. ಅರ್ಥವಾದದ್ದನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕೆಂದು ಮೇಡಂ ಹೇಳಿದ್ದರಿಂದ, ‘ಟೀ ಬೇಕಾ ಭಾವ?’ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಎದ್ದು ಹೋಗಿ ನೀರಿಟ್ಟೆ.