ಕುಂಕುಮ ಹಚ್ಚಿಸಿಕೊಂಡ ಡಿಸ್ಕು

ನಾನು ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗಲೆಲ್ಲ ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಒಂದಲ್ಲ ಒಂದು ರಾಮಾಯಣ ಆಗಿಯೇ ತೀರುತ್ತದೆ. ಈ ಸಲ ವಿಂಡೋಸ್ ಇದ್ದ ಹಾಗೇ ಇರಲಿ, ಬೇರೆ ಹೊಸ ಡಿಸ್ಕಿನಲ್ಲಿ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಹಾಕೋಣ ಎಂದು ಹೊರಟಿದ್ದೆ. ಹಳೆಯ ಡಿಸ್ಕಿನಲ್ಲಿ ಅತ್ತೆಯವರು ಹಾಡಿದ ಸೋಬಾನ ಪದಗಳಿದ್ದವು. ಗಂಟಲಿನ ಆಪರೇಷನ್ ಆದಮೇಲೆ ಅವರು ಹಾಡುವುದನ್ನೇ ಬಿಟ್ಟಿದ್ದಾರೆ. ಮುಂದಿನ ವಾರ ಅವರ ಮೊಮ್ಮಗಳ ಮದುವೆಗೆ ಅವನ್ನೇ ಹಾಕಬೇಕಿತ್ತು. ಪೆನ್ ಡ್ರೈವಿಗೆ ಕಾಪಿ ಮಾಡಬೇಕಿತ್ತು ಎನ್ನುತ್ತೀರಿ. ಮಾಡಬೇಕಿತ್ತು.

"ಅವ್ವನ ಪದ ಹೋದ್ವು ಅಂದ್ರ ನೀವೂ ಹೊಂಡ್ರಿ," ಎಂದಳು ಹೆಂಡತಿ.

ರಾಹುಕಾಲ

ಭಾನುವಾರ ಸಂಜೆ ಸ್ಕ್ರೂಡ್ರೈವರ್ ಹಿಡಿದು ಕೂತೆ. "ರಾಹುಕಾಲ ಐತ್ರಿ ಅಳಿಯಂದ್ರ," ಎಂದು ಅತ್ತೆ ತಡೆದರು. ಅದು ಮುಗಿಯುವಷ್ಟರಲ್ಲಿ ಹೊಸ ಡಿಸ್ಕಿಗೆ ಅರಿಶಿನ ಕುಂಕುಮ ಬಿದ್ದಿತ್ತು. ತೆಂಗಿನಕಾಯಿಯನ್ನಾದರೂ ಹೊರಗೆ ಒಡೆಯಿರಿ ಎಂದು ಕೈಮುಗಿದೆ.

"ಮಷಿನ್ ಮ್ಯಾಲ ಯಾರರ ಕಾಯಿ ಒಡಿತಾರೇನ್ರಿ? ನಮಗೂ ಕಂಪ್ಯೂಟರ್ ತಿಳೀತೈತಿ," ಎಂದರು.

ಎಲ್ಲ ಅಳಿಸಲೇ?

ಮೇಲಿನ ಮನೆಯ ಇಂಜಿನಿಯರ್ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರು. "ಪುರಾನಾ ಡಿಸ್ಕ್ ನಿಕಾಲ್ ದೋ ಸಾಬ್, ಟೆನ್ಶನ್ ನಹೀ," ಎಂದಿದ್ದರು. ಹಳೆಯದನ್ನು ತೆಗೆದು, ಜೋಪಾನ ಎಂದು ಅತ್ತೆಯ ಕೈಗೆ ಕೊಟ್ಟೆ. ಆದರೂ ಪರದೆಯ ಮೇಲೆ 'ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ?' ಎಂದು ಬಂದಾಗ ಡಬ್ಬಿಯೊಳಗೆ ಇನ್ನೊಮ್ಮೆ ಇಣುಕಿ ನೋಡಿದೆ.

"ಎಲ್ಲಾ ಅಳಸ್ತೀನಿ ಅನ್ನಾಕತ್ತೈತ್ರೀ!" ಹೆಂಡತಿ ಚೀರಿದಳು.

"ಹೊಸಾದಷ್ಟ ಅಳಸತೈತಿ."

"ಹೊಸಾದು ಯಾವುದಂತ ಅದಕ್ಕ ಹ್ಯಾಂಗ ಗೊತ್ತು?"

ಅತ್ತೆ ಅಡುಗೆಮನೆಯಿಂದಲೇ ಕೂಗಿದರು: "ಗೊತ್ತಾಗಲಿ ಅಂತನ ಕುಂಕುಮ ಹಚ್ಚೀನಿ!"

ಜೋಪಾನ

ಮರುದಿನ ಲಿನಕ್ಸ್ ಚೆನ್ನಾಗಿ ನಡೆಯುತ್ತಿತ್ತು. ಹಳೆಯ ಡಿಸ್ಕನ್ನು ಮತ್ತೆ ಜೋಡಿಸೋಣವೆಂದರೆ ಅದೇ ಇಲ್ಲ! ಅತ್ತೆ ಮದುವೆಗೆ ಸೀರೆ ತರಲು ಕೋಠಿ ಬಜಾರಿಗೆ ಹೋಗಿದ್ದರು. ಫೋನ್ ಮಾಡಿದರೆ ಅದು ದೇವರ ಮನೆಯಲ್ಲೇ ಬಡಿದುಕೊಂಡಿತು. ಬೀರು, ಟ್ರಂಕು, ಹಾಸಿಗೆಯ ಅಡಿ ಎಲ್ಲ ಹುಡುಕಿದೆವು. ಹೆಂಡತಿ ನನ್ನ ಬಟ್ಟೆಯ ಬ್ಯಾಗು ಹೊರಗೆ ತೆಗೆದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅತ್ತೆ ಬಂದಮೇಲೆ, ನಾವು ಕೇಳಿದ್ದೇ ತಡ, ನೇರ ಅಕ್ಕಿಯ ಡಬ್ಬಕ್ಕೆ ಕೈ ಹಾಕಿ ಡಿಸ್ಕು ತೆಗೆದರು. "ಫೋನ್ ನೀರಾಗ ಬಿದ್ರ ಅಕ್ಕ್ಯಾಗ ಇಡ್ತೀರಲ್ರಿ. ಇದು ಬೀಳೂಕಿಂತ ಮೊದಲ ನಾನು ಇಟ್ಟೀನಿ!"

ಯಾವುದು ಬೇಕು?

ಡಿಸ್ಕು ಜೋಡಿಸಿದರೆ ಲಿನಕ್ಸ್ ಒಂದೇ ಬಂತು, ವಿಂಡೋಸ್ ಪತ್ತೆಯೇ ಇಲ್ಲ. ಹೆಂಡತಿಯ ಕಣ್ಣಲ್ಲಿ ನೀರು. ಮೇಲಿನ ಮನೆಯವರು ಇಳಿದು ಬಂದು ಒಂದು ಸಾಲು ಟೈಪ್ ಮಾಡಿ ಮತ್ತೆ ಚಾಲೂ ಮಾಡಿದರು. ಪರದೆಯ ಮೇಲೆ ಎರಡೂ ಹೆಸರು ಬಂದು ನಿಂತವು.

"ಏನಂತೈತ್ರಿ ಅದು?" ಅತ್ತೆ ಕೇಳಿದರು.

"ಯಾವುದು ಬೇಕು ಅಂತ ಕೇಳತೈತ್ರಿ."

ವಿಂಡೋಸ್ ಒತ್ತಿದೆ. ಹಾಡು ಹಾಕಿದೆ. ಅತ್ತೆಯ ಹಳೆಯ ದನಿ ಮನೆ ತುಂಬಿತು. ಹೆಂಡತಿ ಅತ್ತಳು, ನಾನೂ ಕಣ್ಣೊರೆಸಿಕೊಂಡೆ. ಹಾಡು ಮುಗಿದ ಮೇಲೆ ಕಂಪ್ಯೂಟರ್ ಆರಿಸಿದೆ.

"ಇನ್ನೊಮ್ಮೆ ಚಾಲೂ ಮಾಡ್ರಿ," ಎಂದರು ಅತ್ತೆ.

"ಪದ ಇನ್ನೊಮ್ಮೆ ಕೇಳ್ತೀರೇನ್ರಿ?"

"ಪದ ಅಲ್ರಿ, ಆ ಎರಡು ಹೆಸರು ಬರೂದು ನೋಡಬೇಕು. ಈ ಮನ್ಯಾಗ ಯಾವುದು ಬೇಕು ಅಂತ ಕೇಳೂದು ಅದೊಂದ!"