ಹುಳ ಅಂದ್ರ ಹುಳ

ಗವಿಸಿದ್ದೇಶ್ ಮಾಸ್ತರರ ಆ ಭಾನುವಾರದ ಕಷ್ಟಕ್ಕೆಲ್ಲ ಕಾರಣ ಹೆಸರುಕಾಳಿನಷ್ಟು ದೊಡ್ಡದಾದ ಒಂದು ಹುಳ.

ಹಡಗಲಿಯ ಅವರ ಮನೆಯ ಪಡಸಾಲೆಯ ಅಂಚಿನಲ್ಲಿ, ಮಳೆಹನಿ ಬೀಳದ ಜಾಗದ ಸಣ್ಣ ಮಣ್ಣಿನಲ್ಲಿ, ಅದು ಆಲಿಕೆಯಂಥ ಪುಟ್ಟ ಗುಣಿ ತೋಡಿ ಕೂರುತ್ತಿತ್ತು. ಅಂಥ ಗುಣಿಗಳು ಒಟ್ಟು ಹನ್ನೊಂದು. ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಸ್ಕೇಲು ಹಿಡಿದು ಎಲ್ಲ ಗುಣಿಗಳ ಅಗಲವನ್ನೂ ಅಳೆದು, ಸರಾಸರಿ ಮೂರು ಸೆಂಟಿಮೀಟರು ಎರಡು ಮಿಲಿಮೀಟರು ಎಂದು ಬರೆದಿಟ್ಟುಕೊಂಡಿದ್ದರು. ಹೀಗೆ ಅಳೆದದ್ದನ್ನು ಯಾರಿಗಾದರೂ ಹೇಳಬೇಕೆನಿಸುವುದು ಅವರ ಹಳೆಯ ಕಾಯಿಲೆ.

ಹದಿನೈದು ವರ್ಷದ ಹಿಂದೆ ಈ ಕಾಯಿಲೆಗೆ ಔಷಧಿಯಾಗಿ ಅವರು ಒಂದು ಬ್ಲಾಗ್ ತೆರೆದಿದ್ದರು. 'ಅಂಗಳದ ವಿಜ್ಞಾನ' ಎಂದು ಹೆಸರು. ತಿಂಗಳಿಗೆರಡು ಬರಹ. ಪ್ರತಿ ಬರಹದ ಕೆಳಗೂ ಒಂದೇ ಒಂದು ಪ್ರತಿಕ್ರಿಯೆ ಬರುತ್ತಿತ್ತು: "ಓದಿದೆ. — ಮೈಲಪ್ಪ." ಇಟ್ಟಿಗಿ ಊರಿನ ಮೈಲಪ್ಪ ಅವರ ಕಾಲೇಜು ದಿನಗಳ ಗೆಳೆಯ. ಆ ಒಂದು ಪದಕ್ಕಾಗಿ ಮಾಸ್ತರರು ಮೂರು ದಿನ ಕೂತು ಬರೆಯುತ್ತಿದ್ದರು.

ಆಮೇಲೆ ಫೇಸ್‌ಬುಕ್ ಬಂತು. ಒಂದರ ಜಾಗದಲ್ಲಿ ಇನ್ನೂರು ಮಂದಿ ಓದುವಾಗ ಬ್ಲಾಗ್ ಯಾರಿಗೆ ಬೇಕು? ಮಾಸ್ತರರೂ ಹೋದರು, ಮೈಲಪ್ಪನೂ ಬಂದ. ಹೋದ ಗ್ರಹಣದ ದಿನ ಮಾಸ್ತರರು ಮಾಳಿಗೆಯ ಮೇಲೆ ಕೂತು ಮಂಡಕ್ಕಿ ತಿನ್ನುವ ತಮ್ಮ ಫೋಟೋ ಹಾಕಿ, 'ಗ್ರಹಣವೆಂದರೆ ನೆರಳು, ನೆರಳಿಗೆ ವಿಷವಿಲ್ಲ' ಎಂದು ಬರೆದರು. ಸಂಜೆಯೊಳಗೆ ನೂರಾ ಹದಿನೆಂಟು ಮಂದಿ ಅವರನ್ನು ಬೈದಿದ್ದರು. ಅವರಲ್ಲಿ ಹೆಸರು, ಮುಖ ಯಾವುದೂ ಇಲ್ಲದ ಒಬ್ಬ, "ಇವನ ಶಾಲೆಯ ಮಕ್ಕಳಿಗೆ ಇವನೇ ಗ್ರಹಣ" ಎಂದು ಬರೆದಿದ್ದ. ಅದರ ಕೆಳಗೆ ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖವೊಂದನ್ನು ಯಾರೋ ಒತ್ತಿದ್ದರು. ಯಾರೆಂದು ನೋಡಿದರೆ ಮೈಲಪ್ಪ.

ನೂರಾ ಹದಿನೆಂಟು ಬೈಗುಳ ಮಾಸ್ತರರಿಗೆ ಜೀರ್ಣವಾದವು. ಆ ಒಂದು ನಗು ಆಗಲಿಲ್ಲ. ನಾಲ್ಕು ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ಮಾಸ್ತರರು ಫೇಸ್‌ಬುಕ್ ಬಿಟ್ಟರು, ವಾಟ್ಸಾಪ್ ತೆಗೆದುಹಾಕಿದರು, ಕೊನೆಗೆ ಮಗಳ ಕೈಲಿ ಹಳೆಯ ಬ್ಲಾಗಿನ ಬಾಗಿಲು ತೆರೆಸಿದರು.

"ಯಾರು ಓದ್ತಾರ ಅಂತ ಬರೀತೀರಿ?" ಎಂದು ಕೇಳಿದ್ದಳು ಹೆಂಡತಿ ಶಿವಮ್ಮ.

"ಯಾರೂ ಓದಬ್ಯಾಡ. ಸಮಾಧಾನ ಐತಿ ಅಲ್ಲಿ," ಎಂದಿದ್ದರು ಮಾಸ್ತರರು. ಅದು ಪೂರ್ತಿ ನಿಜವಲ್ಲ. ಅವರಿಗೆ ಒಬ್ಬ ಓದಬೇಕಿತ್ತು.

ಯಾರಿಗೂ ನೋವಾಗದ, ಯಾವ ಪಕ್ಷಕ್ಕೂ ದೇವರಿಗೂ ತಾಗದ ವಿಷಯ ಹುಡುಕಿ ಹುಡುಕಿ ಅವರು ಹುಳದ ಬಗ್ಗೆ ಬರೆದರು. ಭಾನುವಾರ ಬೆಳಗ್ಗೆ ಆರಕ್ಕೆ 'ಗುಣಿಹುಳ' ಪ್ರಕಟವಾಯಿತು.

"ಈ ಹುಳ ಹಿಂದಕ್ಕೇ ನಡೆಯುತ್ತದೆ. ಹಿಂದಕ್ಕೆ ನಡೆಯುತ್ತಲೇ ಸುತ್ತು ಸುತ್ತಿ ಗುಣಿ ತೋಡುತ್ತದೆ. ತಲೆಯಿಂದ ಮಣ್ಣು ಎರಚುತ್ತದೆ. ತಳದಲ್ಲಿ ಅಡಗಿ ಕೂತು, ಜಾರಿ ಬಿದ್ದ ಇರುವೆಯ ರಸ ಹೀರಿ, ಸಿಪ್ಪೆಯನ್ನು ಹೊರಗೆಸೆಯುತ್ತದೆ. ರೆಕ್ಕೆ ಬರುವ ಮುನ್ನ ಹುಳುವಾಗಿರುವಷ್ಟು ಕಾಲವೂ ತಿಂದದ್ದನ್ನು ವಿಸರ್ಜಿಸುವುದೇ ಇಲ್ಲ."

ಒಂದು ತಪ್ಪಾಯಿತು. ಹಾಲು ತರಲು ಹೋದಾಗ ಸಂತೋಷ ತಡೆಯಲಾರದೆ ಚೌಡಣ್ಣನಿಗೆ ಹೇಳಿಬಿಟ್ಟರು.

ಚೌಡಣ್ಣ ನಿವೃತ್ತ ಬಸ್ ಕಂಡಕ್ಟರು. ಆದರೆ ಓಣಿಯಲ್ಲಿ ಅವನ ಹೆಸರು ಬೇರೆ ಕಾರಣಕ್ಕೆ. ಪ್ರತಿ ವರ್ಷ ಮೈಲಾರದಲ್ಲಿ ಗೊರವಪ್ಪ ಎತ್ತರದ ಬಿಲ್ಲನ್ನೇರಿ ಒಂದೇ ಸಾಲಿನ ಕಾರ್ಣಿಕ, ಅಂದರೆ ವರ್ಷದ ಭವಿಷ್ಯ, ನುಡಿಯುತ್ತಾನೆ. ಆ ಸಾಲನ್ನು ಬಿಡಿಸಿ ಅರ್ಥ ಹೇಳುವುದು ಸುತ್ತಿನ ಊರುಗಳಲ್ಲಿ ವರ್ಷವಿಡೀ ನಡೆಯುವ ಕೆಲಸ. ಚೌಡಣ್ಣ ಅದರಲ್ಲಿ ಪಳಗಿದವನು. ಒಂದು ಸಲ ಒಂದೇ ಸಾಲಿನಲ್ಲಿ ಮುಂಗಾರು, ಚುನಾವಣೆ, ತನ್ನ ಸೊಸೆಯ ಹೆರಿಗೆ ಮೂರನ್ನೂ ತೋರಿಸಿಕೊಟ್ಟಿದ್ದ. ಅಂಥವನ ಕೈಗೆ ಮಾಸ್ತರರು ಇಡೀ ಒಂದು ಪುಟ ಕೊಟ್ಟಿದ್ದರು.

ಏಳು ಗಂಟೆಗೆ ಬ್ಲಾಗ್ ಓದಿದವರ ಸಂಖ್ಯೆ ಎರಡಿತ್ತು. ಒಬ್ಬರು ಮಾಸ್ತರರೇ. ಒಂಬತ್ತಕ್ಕೆ ಮೂವತ್ತೇಳು. ಹತ್ತೂವರೆಗೆ ನಾಲ್ಕು ನೂರಾ ಹನ್ನೆರಡು.

"ಶಿವೂ! ಜನಕ್ಕ ಇನ್ನೂ ವಿಜ್ಞಾನ ಬೇಕು!" ಎಂದು ಅವರು ಅಡುಗೆಮನೆಗೆ ಓಡಿದರು.

"ಒಲಿ ಮ್ಯಾಲಿನ ಹಾಲೂ ಹಂಗ ಏರತೈತಿ. ಉಕ್ಕೋದನ್ನ ನೋಡಿಕೋರಿ," ಎಂದಳು ಶಿವಮ್ಮ.

ಉಕ್ಕಿದ್ದು ಹನ್ನೊಂದಕ್ಕೆ. ಚೌಡಣ್ಣ ಬಾಗಿಲು ತಟ್ಟದೆ ಒಳಗೆ ಬಂದು, ಮಾಸ್ತರರ ಕೈ ಹಿಡಿದು, ದನಿ ತಗ್ಗಿಸಿದ.

"ಧೈರ್ಯ ಮಾಡೀರಿ ಮಾಸ್ತರ. ಯಾರೂ ಆಡದ ಮಾತು ಆಡೀರಿ."

"ಹುಳದ ಬಗ್ಗೆ ಏನ್ರಿ ಧೈರ್ಯ?"

ಚೌಡಣ್ಣ ಕಣ್ಣು ಮಿಟುಕಿಸಿದ. "ಗುಣಿ ತೋಡಿ ಕೂತಾನ, ತಿಂದದ್ದು ಹೊರಗ ಬಿಡಂಗಿಲ್ಲ. ನಮ್ಮ ಓಣ್ಯಾಗ ಪೈಪಿಗಂತ ಮೂರು ತಿಂಗಳ ಹಿಂದ ಗುಣಿ ತೋಡಿ ಬಿಟ್ಟೋದಾಂವ ಯಾರ್ರಿ? ಕಂಟ್ರಾಕ್ಟರ್ ಸೋಮಶೇಖರ್! ನಾ ಬಿಡಿಸಿ ಓಣಿ ಗ್ರೂಪಿಗೆ ಹಾಕೇನಿ. ಅಲ್ಲಿಂದ ಇನ್ನೂ ಒಂಬತ್ತು ಗ್ರೂಪಿಗೆ ಹೋಗೇತಿ."

"ಚೌಡಣ್ಣ, ಹುಳ ಅಂದ್ರ ಹುಳ."

"ಹಂಗ ಅನ್ರಿ. ಕೇಳಿದವರಿಗೆಲ್ಲ ಹಂಗ ಅನ್ರಿ," ಎಂದು ಚೌಡಣ್ಣ ಇನ್ನೊಮ್ಮೆ ಕೈ ಕುಲುಕಿ ಹೋದ.

ಅವನು ಅತ್ತ ಹೋಗುತ್ತಲೇ ಎದುರುಮನೆಯ ಈರಕ್ಕ ಸೆರಗು ಬಾಯಿಗೆ ಹಿಡಿದುಕೊಂಡು ಇತ್ತ ಬಂದಳು. ಓಣಿಯ ಎಲ್ಲ ಮನೆಗಳ ಸುದ್ದಿಯೂ ಮೊದಲು ಈರಕ್ಕನ ಕಟ್ಟೆಗೆ ಬಂದೇ ಮುಂದೆ ಹೋಗಬೇಕು.

"ಮಾಸ್ತರ, ನಾ ನಿಮಗೇನ್ ಮಾಡಿದ್ದೆ? ಬಂದವರ ಕಡಿಂದ ರಸ ಹೀರಿಕೊಂಡು ಸಿಪ್ಪಿ ಒಗಿತಾಳ ಅಂತ ಬರದೀರಂತಲ್ಲ!"

"ಈರಕ್ಕ, 'ಒಗಿತಾಳ' ಅಂತ ಬರದಿಲ್ಲವಾ. 'ಎಸೆಯುತ್ತದೆ' ಅಂತ ಬರದೇನಿ."

"ಮನುಷ್ಯಾಳೂ ಅಲ್ಲ ಅಂದ್ರಲ್ಲ ಕಡೀಕ!" ಎಂದು ಈರಕ್ಕ ಗಟ್ಟಿಯಾಗಿ ಅತ್ತಳು. ಶಿವಮ್ಮ ಅವಳಿಗೆ ಚಹಾ ಕೊಟ್ಟು ಸಮಾಧಾನ ಮಾಡಬೇಕಾಯಿತು. ಚಹಾ ಕುಡಿಯುತ್ತ ಈರಕ್ಕ ಕಣ್ಣೊರೆಸಿಕೊಂಡು, ಸೋಮಶೇಖರನಿಗೂ ಮಾಸ್ತರರಿಗೂ ಜಗಳ ಹತ್ತಿದ್ದು ಯಾವಾಗ, ಯಾಕೆ ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಡ್‌ಮಾಸ್ತರರ ಫೋನು. "ಗವಿಸಿದ್ದೇಶ್, ಹಿಂದಕ್ಕ ನಡಿಯೋದು ಅಂದ್ರ ನಮ್ಮ ಎಸ್ಸೆಸ್ಸೆಲ್ಸಿ ರಿಸಲ್ಟ್ ಏನ್ರಿ? ನೇರ ಹೇಳಬಹುದಿತ್ತಲ್ರಿ, ಸ್ಟಾಫ್ ಮೀಟಿಂಗ್‌ನ್ಯಾಗ."

ಮಾಸ್ತರರು ಯೋಚನೆಗೆ ಬಿದ್ದರು. ಫೇಸ್‌ಬುಕ್ಕಿನಲ್ಲಿ ಹೆಸರಿಲ್ಲದವರು ದೂರದಿಂದ ಬೈಯುತ್ತಿದ್ದರು. ಇಲ್ಲಿ ಹೆಸರಿದ್ದವರು ಮನೆಗೇ ಬಂದು ಅಳುತ್ತಿದ್ದಾರೆ. ಯಾವುದು ಮೇಲು? ಒಂದು ಮಾತ್ರ ಸ್ಪಷ್ಟವಾಗಿತ್ತು. ಬರಹದ ಕೆಳಗೆ, ಪ್ರತಿಕ್ರಿಯೆಯ ಜಾಗದಲ್ಲಿ, ಇನ್ನೂ ಸೊನ್ನೆ ಇತ್ತು. ಸಾವಿರ ಜನ ಓದಿದ್ದರು. 'ಓದಿದೆ' ಎಂದವರಿಲ್ಲ.

ನಾಲ್ಕಕ್ಕೆ ಸೋಮಶೇಖರನೇ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಫೋನು.

"ಸರ್, ನನ್ನ ಮಗ ನಿಮ್ಮ ಕೈಯಾಗ ಕಲ್ತಾನ. ಮರ್ಯಾದಿ ಕೊಟ್ಟು ಕೇಳ್ತೀನಿ. ಈ ಹುಳ ಯಾರು?"

ಮಾಸ್ತರರು ಅವನನ್ನು ಪಡಸಾಲೆಯ ಅಂಚಿಗೆ ಕರೆದೊಯ್ದು, ಕುಕ್ಕರುಗಾಲಲ್ಲಿ ಕೂರಿಸಿ, ಒಂದು ಇರುವೆಯನ್ನು ಗುಣಿಯೊಳಗೆ ಬಿಟ್ಟರು. ಇರುವೆ ಹತ್ತಿತು, ಮಣ್ಣು ಜಾರಿತು, ಮತ್ತೆ ಹತ್ತಿತು. ಕೆಳಗಿನಿಂದ ಮಣ್ಣಿನ ಕಣಗಳು ಚಿಮ್ಮಿದವು. ಸೋಮಶೇಖರ್ ಕ್ಷಣಕಾಲ ತನ್ನ ಸಿಟ್ಟನ್ನೂ ಬಿಳಿ ಅಂಗಿಯನ್ನೂ ಮರೆತು ಬಗ್ಗಿದ.

"ಅಬಾಬಾಬಾ! ಎಂಥಾ ಕೆಲಸಗಾರ ಅದಾನ್ರಿ ಇವ! ಜೆಸಿಬಿ ಇಲ್ಲದ ಇಷ್ಟು ಸಾಫಾಗಿ..." ಎಂದವನು ಒಮ್ಮೆಲೇ ಎಚ್ಚರಾಗಿ ಎದ್ದ.

"ನೋಡಿದಿರಲ್ಲ? ಹುಳ ಅಂದ್ರ ಹುಳ," ಎಂದರು ಮಾಸ್ತರರು.

"ಹುಳ ಐತಿ, ಒಪ್ಪಿದೆ. ಆದ್ರ ಇಷ್ಟು ವರ್ಷ ಸುಮ್ಮನಿದ್ದ ಹುಳ ನನ್ನ ಗುಣಿ ಮುಚ್ಚದಾಗ ಯಾಕ ನೆನಪಾತು?"

ಮಾಸ್ತರರು ಗುಣಿಗಳ ಅಳತೆ ಬರೆದಿಟ್ಟ ಹಾಳೆ ತೋರಿಸಹೋದರು; ಸೋಮಶೇಖರ್ ಕೈಯಡ್ಡ ಹಿಡಿದ.

"ಸಂಜಿ ಆರರೊಳಗ ಕೆಳಗ ಒಂದು ಸಾಲು ಬರೀರಿ, ಈ ಹುಳ ಯಾರೂ ಅಲ್ಲ ಅಂತ. ಇಲ್ಲಂದ್ರ ಸರ್ಕಾರಿ ಮಾಸ್ತರು ಜನರ ಮ್ಯಾಲೆ ಬರೀತಾರ ಅಂತ ಮೇಲಿನವರಿಗೆ ಅರ್ಜಿ ಕೊಡಬೇಕಾಗತೈತಿ. ತಪ್ಪು ತಿಳೀಬ್ಯಾಡ್ರಿ." ಹೋಗುವಾಗ ಅವನು ಆ ಗುಣಿಯನ್ನು ತುಳಿಯದಂತೆ ಸುತ್ತಿ ಹೋದ.

ಆರಕ್ಕೆ ಐದು ನಿಮಿಷ ಇರುವಾಗ ಮಾಸ್ತರರು ಬರೆದರು: "ವಿ.ಸೂ.: ಈ ಹುಳ ಹುಳ ಮಾತ್ರ. ಇದು ಯಾವ ವ್ಯಕ್ತಿಯೂ ಅಲ್ಲ." ಒತ್ತಿದರು.

ಹೊರಗೆ ಬೈಕೊಂದು ನಿಂತ ಸದ್ದು. ಸೈಲೆನ್ಸರ್ ಒಡೆದ ಆ ಕೆಮ್ಮು ಮಾಸ್ತರರಿಗೆ ಇಪ್ಪತ್ತು ವರ್ಷದ ಪರಿಚಯ.

ಬಾಗಿಲಲ್ಲಿ ಮೈಲಪ್ಪ ನಿಂತಿದ್ದ. ಕೈಯಲ್ಲಿ ಎಣ್ಣೆ ಒಸರುವ ಪೇಪರ್ ಪೊಟ್ಟಣ. ಮೆಣಸಿನಕಾಯಿ ಬಜ್ಜಿಯ ವಾಸನೆ ಅವನಿಗಿಂತ ಮೊದಲು ಒಳಗೆ ಬಂತು.

"ಮುಂಜಾನೇನ ಓದಿದೆ," ಎಂದ ಮೈಲಪ್ಪ. "ನಾಕು ಸಲ ಓದಿದೆ. ತಲಿಯಿಂದ ಮಣ್ಣು ಎರಚೋದು, ಎರಚಿ ಅಡಗಿ ಕೂಡೋದು. ಯಾರಂತ ನನಗ ಗೊತ್ತಾಗಂಗಿಲ್ಲೇನಲೇ? ಅವತ್ತು ಆ ನಗಿ ಒತ್ತಿದೆ, ಆಮ್ಯಾಲೆ ನಾಕು ತಿಂಗಳು ಅಡಗಿ ಕೂತೆ. ಬೈಯಬಹುದಿತ್ತು ನೀ. ಬೈಯದ ಹುಳದ ಮ್ಯಾಲೆ ಹಾಕಿ ಬರದೀಯಲ್ಲ, ಅದು ನನಗ ನಾಟಿತು. ತಪ್ಪಾತಪಾ."

ಮಾಸ್ತರರು ಬಾಯಿ ತೆರೆದರು. ಬೆಳಗಿನಿಂದ ಎಲ್ಲರಿಗೂ ಹೇಳಿದ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದನ್ನು ಈಗ ಹೇಳಿದರೆ ಮೈಲಪ್ಪನ ಕ್ಷಮಾಪಣೆಗೆ ಕೂರಲು ಜಾಗವೇ ಇರುವುದಿಲ್ಲ. ಅವರು ಬಾಯಿ ಮುಚ್ಚಿದರು.

"ಕುಂದ್ರು ಬಾ," ಎಂದರು. "ಚಹಾಕ್ಕ ಹೇಳಿ ಬರ್ತೀನಿ."

ಅಡುಗೆಮನೆಯಲ್ಲಿ ನಿಂತು ಅವರು ಫೋನು ತೆಗೆದರು. ಐದು ನಿಮಿಷದ ಹಿಂದೆ ಬರೆದ ಆ ಸಾಲನ್ನು ಅಳಿಸಿದರು. ಮೈಲಪ್ಪ ಅದನ್ನು ಓದಿರಲಿಲ್ಲ. ಓದಬಾರದು.

ಆದರೆ ಚೌಡಣ್ಣ ಓದಿದ್ದ. ಅಳಿಸಿದ್ದನ್ನೂ ನೋಡಿದ್ದ. ಎರಡನೇ ಬಜ್ಜಿ ಮುಗಿಯುವುದರೊಳಗೆ ಗೇಟಿನ ಹೊರಗೆ ಅರ್ಧ ಓಣಿ ನಿಂತಿತ್ತು. ಸೋಮಶೇಖರ್ ಮುಂದೆ, ಈರಕ್ಕ ಪಕ್ಕದಲ್ಲಿ, ಚೌಡಣ್ಣ ಹಬ್ಬದ ಕಳೆಯಲ್ಲಿ.

"ಸರ್, ಸಾಲು ಬರದು ಅಳಿಸೀರಿ! ಅಂದ್ರ ಹುಳ ಯಾರೋ ಅದಾರ. ಈಗ ಹೇಳ್ರಿ, ಯಾರು?"

ಮಾಸ್ತರರು ಗೇಟಿನ ಕಡೆ ನೋಡಿದರು. ಪಡಸಾಲೆಯಲ್ಲಿ ಬಜ್ಜಿ ಹಿಡಿದು ಕಿವಿ ನೆಟ್ಟಗೆ ಮಾಡಿದ್ದ ಮೈಲಪ್ಪನ ಕಡೆ ನೋಡಿದರು. ಇಷ್ಟು ಜನರ ಮುಂದೆ ಅವನ ಹೆಸರು ಹೇಳುವುದೆಂತು? ಯಾರೂ ಅಲ್ಲ ಎನ್ನುವುದಾದರೂ ಎಂತು?

"ನಾನ," ಎಂದರು. "ಆ ಹುಳ ನಾನ."

ಚೌಡಣ್ಣ ತೊಡೆ ತಟ್ಟಿದ.

"ಹೌದಲ್ರಿ! ಫೇಸ್‌ಬುಕ್ ಬಿಟ್ಟು ಬ್ಲಾಗಿಗೆ ಹೋಗ್ಯಾರ, ಹಿಂದಕ್ಕ ನಡದಂಗಾತು. ಒಬ್ಬರೇ ಗುಣಿ ತೋಡಿಕೊಂಡು, ಯಾರರ ಬಂದು ಬೀಳ್ತಾರೇನು ಅಂತ ಕಾಯ್ತಾ ಕೂತಾರ!"

"ಓದಿದ್ದೆಲ್ಲ ಹೊಟ್ಟ್ಯಾಗ ಇಟ್ಟುಕೊಂಡಾರ, ಒಂದೂ ಹೊರಗ ಬಿಡಂಗಿಲ್ಲ," ಎಂದ ಸೋಮಶೇಖರ್. ಅವನ ಮುಖ ಅರಳಿತ್ತು.

"ನಾ ಮೊದಲ ಅಂದಿದ್ದೆ, ಮಾಸ್ತರ ತಮ್ಮ ಬಗ್ಗೇನ ಬರಕೊಂಡಾರ ಅಂತ," ಎಂದಳು ಈರಕ್ಕ.

ಅಷ್ಟು ಸುಲಭವಾಗಿ, ಅಷ್ಟು ಸಂತೋಷದಿಂದ ಎಲ್ಲರೂ ಒಪ್ಪಿಕೊಂಡದ್ದು ಮಾಸ್ತರರಿಗೆ ಸ್ವಲ್ಪ ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅದು ಸರಿಯಾಗಿ ಹೊಂದುತ್ತಿದ್ದುದು. ಇಡೀ ದಿನದಲ್ಲಿ ಚೌಡಣ್ಣ ಬಿಡಿಸಿದ್ದರಲ್ಲಿ ಅದೊಂದೇ ನಿಜದಂತೆ ಕಂಡಿತು.

ಜನ ಚದುರಿದರು. ಮಾಸ್ತರರು ತಿರುಗಿದರೆ ಮೈಲಪ್ಪ ಎದ್ದು ನಿಂತಿದ್ದ.

"ಅಂದ್ರ ಅದು ನಾನಲ್ಲ?"

"ಲೇ, ಅದು ಜನಕ್ಕ ಹೇಳಿದ ಮಾತು..."

"ಹಂಗಾರ ನಾನ ಏನು? ನಾ ಹುಳ ಅಂತೀಯಾ?"

ಹೌದೆಂದರೆ ಬೈದಂತೆ. ಅಲ್ಲವೆಂದರೆ ಇಟ್ಟಿಗಿಯಿಂದ ಅವನು ತಂದ ಕ್ಷಮಾಪಣೆ ದಂಡ. ಎತ್ತ ಕಾಲಿಟ್ಟರೂ ಮಣ್ಣು ಜಾರುತ್ತಿತ್ತು. ಗುಣಿಗೆ ಬಿದ್ದ ಇರುವೆಗೆ ಹೇಗಾಗಿರಬಹುದೆಂದು ಮಾಸ್ತರರಿಗೆ ಮೊದಲ ಸಲ ತಿಳಿಯಿತು.

"ಹುಳ ಅಂದ್ರ ಹುಳನಲೇ," ಎಂದರು ಸಣ್ಣಗೆ.

ಮೈಲಪ್ಪ ಅವರನ್ನೇ ನೋಡಿದ. ಕೈಯನ್ನು ಪೇಪರಿಗೆ ಒರೆಸಿಕೊಂಡ. ಬೈಕಿಗೆ ಒದ್ದು ಹೊರಟುಹೋದ. ಪೊಟ್ಟಣದಲ್ಲಿ ಮೂರು ಬಜ್ಜಿ ಉಳಿದಿದ್ದವು. ಬಿಟ್ಟುಹೋದನೋ, ಮರೆತುಹೋದನೋ.

ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಮಾಸ್ತರರು ಇಡೀ ಬರಹವನ್ನೇ ತೆಗೆದುಹಾಕೋಣವೆಂದು ಬ್ಲಾಗ್ ತೆರೆದರು. ಪ್ರತಿಕ್ರಿಯೆ: ಒಂದು.

"ಓದಿದೆ. — ಮೈಲಪ್ಪ." ಅದರ ಪಕ್ಕದಲ್ಲಿ ಕಣ್ಣಲ್ಲಿ ನೀರು ಬರುವಂತೆ ನಗುವ ಅದೇ ಹಳದಿ ಮುಖ.

ಮಾಸ್ತರರು ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. 'ಓದಿದೆ' ಎಂದಿದ್ದಾನೆ, ಅಂದರೆ ಸಿಟ್ಟಿಲ್ಲ. ಆದರೆ ಅದೇ ಮುಖ ಒತ್ತಿದ್ದಾನೆ, ಅಂದರೆ ಸಿಟ್ಟಿದೆ. ಕಣ್ಣೀರು ಎರಡೂ ಕಣ್ಣಲ್ಲಿದೆ, ಅದು ಪಶ್ಚಾತ್ತಾಪವೇ? ಬಜ್ಜಿ ಮೂರು ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿದೆಯೇ? ಪೂರ್ಣವಿರಾಮ ಹಾಕಿ ಆಮೇಲೆ ಹೆಸರು ಬರೆದಿದ್ದಾನಲ್ಲ, ಮಾತು ಮುಗಿಯಿತು ಎಂದೇ?

ಒಂದು ಗಂಟೆ ಹಾಗೆ ಕೂತಿದ್ದು ಅವರು ಶಿವಮ್ಮನನ್ನು ಕರೆದರು. "ಇಲ್ಲಿ ನೋಡಿಲ್ಲಿ. ಇದರ ಒಳಾರ್ಥ ಏನಿರಬಹುದು? ಚೌಡಣ್ಣಗ ಒಂದ್ಸಲ ತೋರಿಸಲೇನು?"

ಶಿವಮ್ಮ ಬಗ್ಗಿ ನೋಡಿ, ಆರಿದ ಬಜ್ಜಿಯೊಂದನ್ನು ಬಾಯಿಗೆ ಹಾಕಿಕೊಂಡಳು.

"ನಗಿ ಅಂದ್ರ ನಗಿರಿ," ಎಂದಳು.

ಮಾಸ್ತರರು ನಂಬಲಿಲ್ಲ.