ಕೆಂಪು ಕರ್ಚೀಫಿನ ಸಂಘ

ಬಾಯಿ ಮುಚ್ಚಿಕೊಂಡು ಕೂರುವುದಕ್ಕೇ ಸಂಬಳ ಕೊಡುವ ಕೆಲಸ ಯಾವುದಾದರೂ ಇದ್ದರೆ ಅದು ನನ್ನದು. "ಬುದ್ಧಿ ಬೆಳೆದಿಲ್ಲ" ಎಂದು ಊರವರು ಹೇಳುವ ಕೆಲವರು, ಎಲ್ಲರೂ ವಯಸ್ಸಿಗೆ ಬಂದವರೇ, ವಾರಕ್ಕೊಮ್ಮೆ ಬಳ್ಳಾರಿಯಲ್ಲಿ ಸಭೆ ಸೇರುತ್ತಾರೆ. ನಾನು ಅಲ್ಲಿ ಸಹಾಯಕಿ. ಸಂಘದ ನಿಯಮ ಒಂದೇ: ಅವರವರ ಮಾತು ಅವರವರೇ ಆಡಬೇಕು. ಬೇರೆಯವರು ನಡುವೆ ಬಾಯಿ ಹಾಕಿದರೆ ಸದಸ್ಯರು ತಮ್ಮ ಜೇಬಿನ ಕೆಂಪು ಕರ್ಚೀಫು ಮೇಲೆತ್ತಬೇಕು; ಆಗ ಉಳಿದವರೆಲ್ಲ ಬಾಯಿ ಮುಚ್ಚಬೇಕು. ಈ ಕರ್ಚೀಫು ಬಂದ ಮೇಲೆ ಒಂದಲ್ಲ ಒಂದು ತಮಾಷೆ ನಡೆಯುತ್ತಲೇ ಇದೆ.

ಹೊಟ್ಟೆ ಯಾರದು?

ಕುರುಗೋಡಿನಿಂದ ಬರುವ ಸದಸ್ಯೆ, ಆಕೆಯ ತಾಯಿ ಮತ್ತು ನಾನು ಸಭೆ ಮುಗಿಸಿ ಹೋಟೆಲಿಗೆ ಹೋದೆವು. ಸಪ್ಲೈಯರ್ ಎಂದಿನಂತೆ ತಾಯಿಯನ್ನು ಕೇಳಿದ, "ಈಕಿಗೇನು ಕೊಡ್ಲಿ?"

"ಒಂದು ಇಡ್ಲಿ ಸಾಕಪ್ಪ," ಎಂದರು ತಾಯಿ.

ಕರ್ಚೀಫು ಮೇಲೆದ್ದಿತು. "ಹೊಟ್ಟಿ ನಂದು ಐತಿ, ನನ್ನ ಕೇಳು. ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ಬಜ್ಜಿ."

ಸಪ್ಲೈಯರ್ ಹೆದರಿಬಿಟ್ಟ. ಮುಂದಿನದನ್ನೆಲ್ಲ ಆಕೆಯನ್ನೇ ಕೇಳತೊಡಗಿದ. "ಈ ಅಮ್ಮಗ?"

"ಇಡ್ಲಿ. ಮಂಡಿನೋವು ಐತಿ, ಕರದದ್ದು ಬ್ಯಾಡ."

"ಈ ಮೇಡಂಗೆ?"

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬರೇ ಚಾ. ಸಕ್ಕರಿ ಹಾಕಬ್ಯಾಡ."

ನನ್ನ ಹತ್ತಿರ ಕರ್ಚೀಫು ಇರಲಿಲ್ಲ. ಬಿಸಿ ಮಿರ್ಚಿಯ ವಾಸನೆ ನೋಡುತ್ತ ಸಪ್ಪೆ ಚಹಾ ಕುಡಿದೆ.

ಸಿರುಗುಪ್ಪದ ಕಟಿಂಗು

ನಮ್ಮ ಇನ್ನೊಬ್ಬ ಸದಸ್ಯ ಸಿರುಗುಪ್ಪದವನು. ಕಟಿಂಗಿಗೆ ಅಣ್ಣನೇ ಕರೆದುಕೊಂಡು ಹೋಗಿ, "ಮಿಷನ್ ಹೊಡಿ, ಸಣ್ಣಗ ಮಾಡು," ಎಂದು ಹೇಳಿ ಪೇಪರ್ ಹಿಡಿದು ಕೂರುವುದು ರೂಢಿ. ಆ ದಿನವೂ ಹಾಗೇ ಆಯಿತು. ಇವನು ಕುತ್ತಿಗೆವರೆಗೆ ಹೊದಿಸಿದ್ದ ಬಿಳಿ ಬಟ್ಟೆಯ ಕೆಳಗೇ ಜೇಬಿಗೆ ಕೈ ಹಾಕಿ, ಕರ್ಚೀಫಿನ ತುದಿಯನ್ನು ಮೆಲ್ಲಗೆ ಗದ್ದದ ಹತ್ತಿರ ಹೊರಗೆಳೆದ.

ಕಟಿಂಗಿನವನು "ಅಯ್ಯಯ್ಯೋ, ರಕ್ತ!" ಎಂದು ಕತ್ತರಿ ಬಿಸಾಡಿದ. ಅಣ್ಣ ಪೇಪರ್ ಬಿಟ್ಟು ಓಡಿಬಂದ.

"ರಕ್ತ ಅಲ್ಲಲೇ, ಕರ್ಚೀಫು. ಮ್ಯಾಲೆ ಉದ್ದ ಬಿಡು, ಸೈಡಿಗೆ ಸಣ್ಣ ಮಾಡು," ಎಂದ ಇವನು.

ಈಗ ಇವನ ಕಟಿಂಗು ಚೆನ್ನಾಗಿರುತ್ತದೆ. ಆದರೆ ಅಂಗಡಿಯವನು ಯಾರೇ ಕುರ್ಚಿ ಹತ್ತಲಿ, ಮೊದಲು ಜೇಬು ಮುಟ್ಟಿ ನೋಡುತ್ತಾನಂತೆ.

ಒಬ್ಬಳೇ ಬಸ್ಸು ಹತ್ತಿದ್ದು

ಕುರುಗೋಡಿನ ತಾಯಿಯ ಮಂಡಿನೋವು ಜೋರಾಯಿತು. ಇನ್ನು ವಾರವಾರ ಬರಲು ಆಗುವುದಿಲ್ಲ ಎಂದರು. ಮಗಳು ಒಬ್ಬಳೇ ಬರಬೇಕು, ಇಲ್ಲವೇ ಸಂಘವನ್ನೇ ಬಿಡಬೇಕು. "ಹುಟ್ಟಿದಾಗಿಂದ ಕೈ ಬಿಟ್ಟಿಲ್ರಿ, ಹೆಂಗ ಕಳಿಸ್ಲಿ?" ಎಂದು ಅತ್ತರು. ಮಗಳೂ ಅತ್ತಳು, ಆದರೆ ಕರ್ಚೀಫು ಎತ್ತಿಯೇ ಅತ್ತಳು. ಕೊನೆಗೆ ಒಂದು ಸಲ ನೋಡೋಣ ಎಂದಾಯಿತು.

ಆ ದಿನ ಬೆಳಗ್ಗೆಯೇ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಕಾಫಿಯೂ ಸೇರಲಿಲ್ಲ, ಅಷ್ಟು ಭಯ. ಕುರುಗೋಡಿನ ಬಸ್ಸು ಬಂತು. ಆಕೆ ಇಳಿದಳು. ಸದ್ಯ ಎನ್ನುವಷ್ಟರಲ್ಲಿ, ಮುಖದ ತುಂಬ ಸೆರಗು ಎಳೆದುಕೊಂಡ ಹೆಂಗಸೊಬ್ಬರನ್ನು ಕೈಹಿಡಿದು ಇಳಿಸಿದಳು. ತಾಯಿ!

ಹಿಂದೆಯೇ ನಗುತ್ತ ಇಳಿದ ಕಂಡಕ್ಟರ್ ನಡೆದದ್ದನ್ನು ಹೇಳಿದ. ತಾಯಿ ಗುಟ್ಟಾಗಿ ಹಿಂದಿನ ಸೀಟಿನಲ್ಲಿ ಬಂದು ಕೂತಿದ್ದಾರೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಆಧಾರ್ ಕಾರ್ಡು ತೋರಿಸಬೇಕು. ತಾಯಿಯ ಹತ್ತಿರ ಕಾರ್ಡೇ ಇಲ್ಲ! ಯಾವಾಗಲೂ ಇಬ್ಬರೂ ಕೂಡಿ ಬರುವವರಲ್ಲವೇ, ಅದೇ ರೂಢಿಯಲ್ಲಿ ಇಬ್ಬರ ಕಾರ್ಡನ್ನೂ ಒಂದೇ ಕವರಿನಲ್ಲಿಟ್ಟು ತಾವೇ ಮಗಳ ಚೀಲಕ್ಕೆ ತುರುಕಿದ್ದರು. ಕಂಡಕ್ಟರ್ ದಬಾಯಿಸುತ್ತಿದ್ದಾಗ ಮಗಳು ಮುಂದಿನ ಸೀಟಿನಿಂದ ಎದ್ದುಬಂದು ಕಾರ್ಡು ತೋರಿಸಿದಳಂತೆ. "ನಮ್ಮವ್ವರೀ. ಬೈಬ್ಯಾಡ್ರಿ ಪಾಪ, ಒಬ್ಬಾಕಿ ಯಾವತ್ತೂ ಬಸ್ಸು ಹತ್ತಿಲ್ಲ."

ಸಭೆಯಲ್ಲಿ ತಾಯಿಯನ್ನು ಕೇಳಿದೆ, "ಧೈರ್ಯ ಬಂತೇನ್ರಿ? ಇನ್ನು ಮಗಳನ್ನ ಒಬ್ಬಾಕಿನ್ನ ಕಳಿಸ್ತೀರೇನು?"

"ಕಳಿಸ್ತಾಳ ಬಿಡಕ್ಕ," ಎಂದು ಮಗಳೇ ಶುರು ಮಾಡಿದಳು. "ಆಕಿಗೇನೂ ಹೆದರಿಕಿ ಇಲ್ಲ..."

ತಾಯಿ ಮಗಳ ಕೈಯಿಂದ ಕರ್ಚೀಫು ಕಿತ್ತುಕೊಂಡು ಮೇಲೆತ್ತಿದರು. ನಿಯಮ ನಿಯಮವೇ. ಎಲ್ಲರೂ ಗಪ್‌ಚುಪ್.

"ಹೆದರಿಕಿ ಐತಿ," ಎಂದರು ತಾಯಿ. "ಆದ್ರೂ ಕಳಿಸ್ತೀನಿ. ಈಗ ನಾ ಮನಿಗಿ ಹೋಗ್ತೀನಿ, ಆಕಿ ಸಭಾ ಮುಗಿಸ್ಕಂಡು ಬರ್ಲಿ. ನನ್ನ ಕಾರ್ಡು ಕೊಡಾಕ ಹೇಳ್ರಿ."

ನನಗೆ ಕಣ್ಣು ತುಂಬಿ ಬಂತು. ಮಗಳು ಮಾತ್ರ ಕವರಿನಿಂದ ಕಾರ್ಡು ತೆಗೆದು ತಾಯಿಯ ಕೈಯಲ್ಲಿಟ್ಟು, ಬೆರಳು ಮಡಚಿ ಮುಚ್ಚಿದಳು.

"ಗಟ್ಟಿ ಹಿಡ್ಕೋ. ಕಿಟಕಿ ಹೊರಗ ಕೈ ಹಾಕಬ್ಯಾಡ. ಮನಿ ಮುಟ್ಟಿದ ಕೂಡ್ಲೆ ಫೋನ್ ಮಾಡು."